ಎರಡು ಪದರ

ನೀಲವ್ವ ಹಲ್ಲಿನ ದವಾಖಾನೆಗೆ ಬಂದವಳು ಕುರ್ಚಿಯಲ್ಲಿ ಕೂರಲಿಲ್ಲ. ಹೋದ ವರ್ಷ ತನ್ನ ಗಂಡ ಫಕ್ಕೀರಪ್ಪನಿಗೆ ಬರೆದುಕೊಟ್ಟಿದ್ದ ಚೀಟಿಯನ್ನು ಡಾಕ್ಟರ ಮೇಜಿನ ಮೇಲಿಟ್ಟಳು.

“ಸಾಹೇಬ್ರ, ನಮ್ಮ ಮನಿಯವರ ಹಲ್ಲಿಗೆ ಯಾವ ನಮೂನಿ ಫಿಲ್ಲಿಂಗ್ ಮಾಡಿದ್ರಿ?”

ಡಾಕ್ಟರು ಕಡತ ತೆಗೆದು ನೋಡಿದರು. ಬಿರುಸು ಬ್ರಶ್ಶಿನಿಂದ ತಿಕ್ಕಿ ತಿಕ್ಕಿ ಫಕ್ಕೀರಪ್ಪನ ಕೋರೆಹಲ್ಲು ಒಸಡಿನ ಹತ್ತಿರ ಸವೆದು ಕುಳಿ ಬಿದ್ದಿತ್ತು.

“ಯಾಕವ್ವ, ಫಿಲ್ಲಿಂಗ್ ಬಿತ್ತೇನು?”

“ಬಿದ್ದಿಲ್ರಿ. ಬರೇ ಸಿಮೆಂಟ್ ಹಾಕಿದ್ರಿ, ಹೌದಲ್ರಿ? ಎಲ್ಲಾರಿಗೂ ಅದನ್ನ ಹಾಕ್ತಾರಂತ.”

ಡಾಕ್ಟರು ನಕ್ಕರು. “ಸಿಮೆಂಟ್ ಒಂದ ಹಾಕಿದ್ರ ಗಟ್ಟಿ ಹಿಡಿತೈತಿ, ಆದ್ರ ಲಗೂನ ಸವೀತೈತಿ. ಹಲ್ಲಿನ ಬಣ್ಣದ ಕಾಂಪೋಸಿಟ್ ಒಂದ ಹಾಕಿದ್ರ ಚಂದ ಕಾಣ್ತೈತಿ, ಆದ್ರ ಒಸಡಿನ ಹಸಿಗೆ ಬಿಟ್ಟುಕೊಳ್ತೈತಿ. ಅದಕ್ಕ ಕೆಳಗ ಸಿಮೆಂಟ್, ಮ್ಯಾಲೆ ಕಾಂಪೋಸಿಟ್, ಎರಡು ಪದರ ಹಾಕೀನಿ. ಈ ಊರಾಗ ಹಂಗ ಮಾಡಾಂವ ನಾ ಒಬ್ಬನ.”

“ಇನ್ನೊಮ್ಮೆ ನೋಡ್ರಿ ಸಾಹೇಬ್ರ. ಬೇರೆಯವರದು ಇರಬೇಕು ಅದು.”

“ನನ್ನ ಕೈಲೇ ಮಾಡೀನವ್ವ, ಚಲೋ ನೆನಪೈತಿ. ಚಿಂತಿ ಮಾಡಬ್ಯಾಡ, ಹತ್ತು ವರ್ಷ ಅಲುಗಾಡೂದಿಲ್ಲ.”

ನೀಲವ್ವ ಮೇಜಿನ ಅಂಚು ಹಿಡಿದುಕೊಂಡಳು. ಕೈ ಜಾರಿ ಅಲ್ಲೇ ನೆಲಕ್ಕೆ ಕುಸಿದಳು. ಡಾಕ್ಟರು ಗಾಬರಿಯಿಂದ ಎದ್ದು ಬಂದರು.

“ಏನಾತವ್ವಾ? ಫಕ್ಕೀರಪ್ಪ ಎಲ್ಲದಾನ?”

“ಮನಿ ಬಿಟ್ಟು ಹೋಗಿ ಐದು ತಿಂಗಳಾತ್ರಿ. ನಿನ್ನೆ ಹೊಳ್ಯಾಗ ಗುರುತು ಸಿಗಲಾರದಂಗ ಕೊಳೆತ ಒಂದು ಹೆಣ ಸಿಕ್ಕೈತಿ. ಅದರ ಕೋರೆಹಲ್ಲಿಗೂ ಎರಡು ಪದರ ಅದಾವಂತ ಪೊಲೀಸರು ಹೇಳ್ಯಾರ್ರಿ.”