ಮಂಚದ ಎತ್ತರ

"ನಾ ಇದ್ರ ಮೇಲೆ ಒಂದು ಮೀನೂ ಹಾಕೂದಿಲ್ಲ," ಎಂದು ಈರಮ್ಮ ಬಂಗಡೆಯ ಬುಟ್ಟಿಯನ್ನು ಮರಳಿನ ಮೇಲೆ ಕುಕ್ಕಿದಳು. ಉಳಿದ ಹೆಂಗಸರೂ ತಮ್ಮ ಬುಟ್ಟಿಗಳನ್ನು ಅಲ್ಲೇ ಇಳಿಸಿದರು. ಇನ್ನು ಮೀನನ್ನು ಮರಳಿನ ಬದಲು ಬಲೆ ಬಿಗಿದ ಮಂಚದ ಮೇಲೆ ಒಣಗಿಸೋಣವೆಂದು ಹಟ ಹಿಡಿದು, ಕುಮಟೆಯ ಬಡಗಿಯಿಂದ ಮಂಚ ಮಾಡಿಸಿದವಳು ಈ ಮೀನುಗಾರ ಹೆಂಗಸರ ಸಂಘದ ಹೊಸ ಅಧ್ಯಕ್ಷೆ ಅರ್ಚನಾ.

ಮರಳು ಮೆತ್ತಿದ ಮೀನನ್ನು ಈಗ ಯಾರೂ ಕೊಳ್ಳುವುದಿಲ್ಲವೆಂದು ನೂರನೆಯ ಸಲ ಹೇಳಲು ಬಾಯಿ ತೆರೆದ ಅರ್ಚನಾ, ಮಾತು ನುಂಗಿಕೊಂಡು ಕೇಳಿದಳು: "ದೊಡ್ಡಮ್ಮ, ಇದ್ರಲ್ಲಿ ನಿಮ್ಗೆ ಎಂತ ತೊಂದ್ರೆ?"

ಈರಮ್ಮ ಮಂಚದ ಪಕ್ಕ ನಿಂತು ಕೈ ಎತ್ತಿದಳು. ಅದು ಅರ್ಧಕ್ಕೇ ನಿಂತಿತು. "ನಲವತ್ತು ವರ್ಷ ಬುಟ್ಟಿ ಹೊತ್ತ ಕೈ. ಇಷ್ಟು ಎತ್ತರಕ್ಕೆ ಏಳೂದಿಲ್ಲ ಮಗಾ. ಮಾಡ್ಸುವಾಗ ನಮ್ಮನ್ನ ಕೇಳಿದ್ಯಾ?"

"ಕೇಳ್ಬೇಕಿತ್ತು. ನಂದೇ ತಪ್ಪಾತು," ಎಂದ ಅರ್ಚನಾ ಪಕ್ಕದ ದೋಣಿಯವರಿಂದ ಗರಗಸ ತಂದಳು. ಮಂಚ ಈರಮ್ಮನ ಸೊಂಟದ ಮಟ್ಟಕ್ಕೆ ಬರುವಂತೆ ಅದರ ಕಾಲುಗಳಿಗೆ ಗೆರೆ ಎಳೆದು, ಎಲ್ಲರೆದುರು ತಾನೇ ಅವನ್ನು ಕೊಯ್ಯತೊಡಗಿದಳು. ನಾಲ್ಕನೆಯ ಕಾಲಿಗೆ ಬರುವಷ್ಟರಲ್ಲಿ ಅದನ್ನು ಅಲುಗದಂತೆ ಒತ್ತಿ ಹಿಡಿದಿದ್ದವಳು ಈರಮ್ಮ. ಮೊದಲ ಬಂಗಡೆಯನ್ನು ಹರಡಿದವಳೂ ಅವಳೇ. ಆಮೇಲೆ ತಿರುಗಿ ಗದರಿದಳು: "ಎಂತ ನೋಡ್ತಾ ನಿಂತ್ರಿ? ನಮ್ಮ ಮಂಚ ಇದು. ಬುಟ್ಟಿ ತನ್ನಿ!" ಮರದ ಹೊಟ್ಟು ಮೆತ್ತಿದ ಕೈಯಲ್ಲಿ ನಿಂತಿದ್ದ ಅರ್ಚನಾ, ಅಧ್ಯಕ್ಷೆಯಾದ ದಿನವೂ ಇಷ್ಟು ಬೀಗಿರಲಿಲ್ಲ.