ಹೆಸರು ಹೇಳಿಯೇ ಇಳಿಸಿದ್ದು

ಗಂಗಾಧರಯ್ಯನವರ ಮನೆಯ ಗೇಟಿನ ಮುಂದೆ ಮಟಮಟ ಮಧ್ಯಾಹ್ನ ಲಗೇಜ್ ಆಟೋ ಬಂದು ನಿಂತಿತು. ಅದರಲ್ಲಿ ಇದ್ದುದು ಹೆಣ ಇಡುವ ಫ್ರೀಜರ್ ಬಾಕ್ಸ್. ಎದುರುಮನೆಯ ಹೆಂಗಸು ಬಟ್ಟೆ ಒಣಹಾಕುತ್ತಿದ್ದವಳು ಅದನ್ನು ಕಂಡು, ಹಿಂಡಿದ ಸೀರೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗಂಗಾಧರಯ್ಯ ಬಂದು ಗೇಟು ತೆಗೆದರು. ಮನೋಜ್ ಆಟೋದಿಂದ ಇಳಿದು ಹೊರಗೇ ನಿಂತ. "ಸಾರ್, ಇನ್ನೊಂದ್ಸಲ ಯೋಚ್ನೆ ಮಾಡಿ. ಮನೆಗೆ ಬೇಡ. ನಿಮ್ಮ ಬನಶಂಕರಿ ಅಂಗಡಿಗೇ ಇಳಿಸಿ ಹೋಗ್ತೀನಿ."

"ಅಂಗಡಿ ಮುಂದೆ ಇದನ್ನ ಇಟ್ರೆ ಫ್ರಿಜ್ ತಗೊಳ್ಳೋಕೆ ಯಾವನಯ್ಯ ಬರ್ತಾನೆ? ಇಲ್ಲೇ ಶೆಡ್ಡಲ್ಲಿ ಬಿದ್ದಿರ್ಲಿ, ಇನ್ನೊಂದು ಗಿರಾಕಿ ಸಿಗೋ ತನಕ."

ಬಾಕ್ಸನ್ನು ಮಾರಿದವರು ಗಂಗಾಧರಯ್ಯನವರೇ. ಸುದ್ದಗುಂಟೆಪಾಳ್ಯದ ಮನೋಜ್ ಅದನ್ನು ಸಾವಿನ ಮನೆಗಳಿಗೆ ಬಾಡಿಗೆಗೆ ಕೊಡುತ್ತಿದ್ದ. ಮುಂಗಡ ಕೊಟ್ಟಿದ್ದ, ಆಮೇಲೆ ಕಂತು ನಿಂತುಹೋಯಿತು. ಗಂಗಾಧರಯ್ಯ ಪೊಲೀಸ್ ಸ್ಟೇಷನ್ನಿಗೆ ಹೋದರು. ದುಡ್ಡು ಕೊಡದಿದ್ದ ಮಾತ್ರಕ್ಕೆ ಚೀಟಿಂಗ್ ಆಗುವುದಿಲ್ಲ, ಮಾಲು ಕೊಂಡ ದಿನವೇ ಮೋಸದ ಉದ್ದೇಶ ಇದ್ದಿರಬೇಕು ಎಂದರು ಅಲ್ಲಿ. ಇತ್ತು ಎಂದು ಗಂಗಾಧರಯ್ಯ ಬರೆದುಕೊಟ್ಟರು. ಸ್ಟೇಷನ್ನಿನ ಬೆಂಚಿನ ಮೇಲೆ ದಿನವಿಡೀ ಕೂತು ಬಂದ ಮೇಲೆ ಮನೋಜ್ ಬಾಕ್ಸ್ ವಾಪಸ್ ಕೊಡಲು ಒಪ್ಪಿದ. ಬಾಕ್ಸ್ ಬಂದರೆ ದೂರು ಹಿಂದೆ ತೆಗೆದುಕೊಳ್ಳುತ್ತೇನೆ ಎಂದು ಇವರೂ ಒಪ್ಪಿದ್ದರು.

"ಸಾವಿನ ಮನೇಲಿ ಬಾಡಿಗೆ ಹೆಂಗೆ ಸಾರ್ ಕೇಳೋದು? ತಿಥಿ ಆಗ್ಲಿ ಅಂತಾರೆ. ತಿಥಿ ಆದ್ಮೇಲೆ ಫೋನೇ ಎತ್ತಲ್ಲ. ನನ್ನ ಕಂತು ನಿಂತಿದ್ದು ಅದಕ್ಕೇ. ಮೊದಲ ದಿನಾನೇ ಮೋಸ ಮಾಡೋಕೆ ಬಂದಿದ್ದ ಅಂತ ಬರೆಸಿದೀರಲ್ಲ, ಅವತ್ತು ನೀವೇ ನಂಗೆ ಟೀ ತರಿಸಿಕೊಟ್ರಿ. ನನ್ನ ಮನಸ್ಸಲ್ಲಿ ಏನಿತ್ತು ಅಂತ ನೋಡಿದ್ರಾ?"

"ನಿನ್ನ ಮನಸ್ಸು ಕಟ್ಕೊಂಡು ನಂಗೇನಯ್ಯ? ಹಂಗೆ ಹೇಳಿದ್ರೇನೇ ಕೇಸು ನಿಲ್ಲೋದು, ಹೇಳ್ದೆ. ಬಾಯಲ್ಲಿ ಹೇಳಿದ್ದೇ ಲೆಕ್ಕ."

ಡ್ರೈವರ್ ಭೀಮೇಶ ಆಟೋದ ಹಿಂದಕ್ಕೆ ಹತ್ತಿ ಹಗ್ಗಕ್ಕೆ ಕೈಹಾಕಿದ. ಈ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಬಾಕ್ಸ್ ಇಳಿಸುವ ಮೊದಲು ತೀರಿಹೋದವರ ಹೆಸರು ಕೇಳಬೇಕು, ಆ ಮನೆಯವರು ಯಾರಾದರೂ ಹೇಳಬೇಕು. ತಪ್ಪಿ ಬೇರೆ ಮನೆಗೆ ಇಳಿಸಬಾರದೆಂದು ಶುರುವಾದದ್ದು. ಈಗ ಹೆಸರು ಕಿವಿಗೆ ಬೀಳದೆ ಯಾವ ಡ್ರೈವರೂ ಹಗ್ಗ ಬಿಚ್ಚುವುದಿಲ್ಲ.

"ಯಾರ ಹೆಸ್ರು?" ಅಭ್ಯಾಸಬಲದಿಂದ ಕೇಳಿಯೇಬಿಟ್ಟ ಭೀಮೇಶ.

"ಏಯ್, ಇಲ್ಲಿ ಬೇಡ ಕಣೋ..." ಮನೋಜ್ ಕೈಯೆತ್ತಿದ.

"ಯಾರ ಹೆಸ್ರು ಅಂದ್ರೆ? ನಂದೇ!" ಗಂಗಾಧರಯ್ಯ ಗದರಿದರು. "ಗಂಗಾಧರಯ್ಯ ಅಂತ. ದುಡ್ಡು ಹಾಕಿರೋನು ನಾನು, ಇವನಲ್ಲ. ಇಳ್ಸು."

ಭೀಮೇಶ ಮನೋಜನ ಮುಖ ನೋಡಿದ. ಮನೋಜ್ ನೆಲ ನೋಡುತ್ತಿದ್ದ. ಆಮೇಲೆ ಇಬ್ಬರೂ ಚಪ್ಪಲಿ ಬಿಟ್ಟು, ಬಾಕ್ಸನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಹಗ್ಗ ಬಿಚ್ಚಿದರು.

"ಗೋಡೆ ಕಡೆ ತಳ್ರಿ. ಅಲ್ಲಲ್ಲ, ಎಡಕ್ಕೆ," ಎಂದರು ಗಂಗಾಧರಯ್ಯ. ಯಾರೂ ಅವರತ್ತ ತಿರುಗಲಿಲ್ಲ. ಬಾಕ್ಸನ್ನು ಶೆಡ್ಡಿನ ನಡುವೆ, ತಲೆಯ ಭಾಗ ದಕ್ಷಿಣಕ್ಕೆ ಬರುವಂತೆ ಇಟ್ಟರು. "ಕಿವಿ ಕೇಳ್ಸಲ್ವೇನಯ್ಯ?" ಎಂದು ಇನ್ನೊಮ್ಮೆ ಕೂಗಿದರು. ಭೀಮೇಶ ಅವರ ಪಕ್ಕದಲ್ಲೇ ಹಾದು, ಹಗ್ಗ ಸುತ್ತಿಕೊಂಡು ಆಟೋ ಹತ್ತಿ ಕುಳಿತ.

ಬಾಕ್ಸ್ ಕೆಟ್ಟಿದೆಯೋ ಏನೋ ಎಂದು ಗಂಗಾಧರಯ್ಯ ತಾವೇ ಪ್ಲಗ್ ಹಾಕಿದರು. ಒಳಗೆ ಬಿಳಿ ದೀಪ ಹತ್ತಿತು, ಗುಂಯ್ ಎಂಬ ಸದ್ದು ಶುರುವಾಯಿತು. ಬಗ್ಗಿ ನೋಡಿದರು. ಗಾಜಿನಲ್ಲಿ ಅವರ ಮುಖ, ಒಳಗಿನ ದಿಂಬಿನ ಮೇಲೆ ಸರಿಯಾಗಿ ಬಿದ್ದಿತ್ತು.

ಸದ್ದಿಗೆ ಅವರ ಹೆಂಡತಿ ಗೌರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು. ಬಾಕ್ಸ್ ಕಂಡು ಹೊಸ್ತಿಲಲ್ಲೇ ನಿಂತರು.

"ಅಯ್ಯೋ, ಇದ್ಯಾಕಪ್ಪಾ ನಮ್ಮನೆಗೆ? ಮನೆ ತಪ್ಪಿ ತಂದ್ರೇನೋ!"

"ನಾನೇ ತರಿಸಿದ್ದು ಕಣೇ," ಎಂದರು ಗಂಗಾಧರಯ್ಯ. ಗುಂಯ್ ಸದ್ದಿನಲ್ಲಿ ಕೇಳಿಸಲಿಲ್ಲವೋ ಏನೋ, ಗೌರಮ್ಮ ಮನೋಜನನ್ನೇ ನೋಡುತ್ತಿದ್ದರು.

ಮನೋಜ್ ಕೈಮುಗಿದ.

"ತಪ್ಪಿಲ್ಲ ಅಮ್ಮ. ಹೆಸ್ರು ಹೇಳಿದ ಮೇಲೇ ಇಳಿಸಿದ್ದು."