ಮೊದಲನೇ ಪುಟದ ಮಾತು

"ತುಪ್ಪ ಸ್ವಲ್ಪ ಕಡಿಮೆ ಹಾಕಿ ಭಟ್ರೇ, ನಿಮ್ಮ ದಮ್ಮಯ್ಯ!"

ಅಗ್ನಿರಕ್ಷಣಾ ಎಂಜಿನಿಯರುಗಳ ಸಂಘದ ಕಾರ್ಯದರ್ಶಿ ಚಂದ್ರಮತಿಯವರು ಹೀಗೆ ಅಂಗಲಾಚಿದ್ದು ಸುಮ್ಮನೆ ಅಲ್ಲ. ಸಂಘಕ್ಕೆ ಇಪ್ಪತ್ತೈದು ತುಂಬಿತೆಂದು ಸಭಾಂಗಣದಲ್ಲಿ ಗಣಹೋಮ ನಡೆಯುತ್ತಿತ್ತು. ಅವರು ನಾಲ್ಕು ವರ್ಷ ಕೂತು ಬರೆದ ಸಂಘದ ಇತಿಹಾಸ, ಐನೂರು ಪ್ರತಿ, ಪೂಜೆಗೆಂದು ಪಕ್ಕದಲ್ಲೇ ಪೇರಿಸಿಟ್ಟಿತ್ತು. ನೆತ್ತಿಯ ಮೇಲೆ ಸ್ಪ್ರಿಂಕ್ಲರು. ಬಿಸಿ ತಾಗಿದರೆ ತಾನಾಗಿಯೇ ನೀರು ಸುರಿಸುವಂಥದ್ದು. ಸಂಘ ಹುಟ್ಟಿದ ವರ್ಷವೇ ಅದನ್ನು ಕೂರಿಸಿದವರು, ಈಗ ಹೋಮದ ಮುಂದೆಯೇ ಕೂತಿದ್ದ ಸ್ಥಾಪಕ ಅಧ್ಯಕ್ಷ ಪಾಂಡುರಂಗ ರಾಯರು. 'ಜಿಲ್ಲೆಗೇ ಮೊದಲನೆಯದು, ಇಂದಿಗೂ ಸುಸ್ಥಿತಿಯಲ್ಲಿದೆ' ಎಂದು ಇತಿಹಾಸದ ಮೊದಲನೇ ಪುಟದಲ್ಲೇ ಅಚ್ಚಾಗಿತ್ತು.

ಭಟ್ಟರು ಯಾರ ಮಾತು ಕೇಳಿಯಾರು? ಪೂರ್ಣಾಹುತಿಗೆ ಉರಿ ಆಳೆತ್ತರ ಎದ್ದಿತು. ಚಂದ್ರಮತಿ ಪುಸ್ತಕದ ರಾಶಿಗೆ ಸೆರಗು ಅಡ್ಡ ಹಿಡಿದು ಕಣ್ಣು ಮುಚ್ಚಿಕೊಂಡರು. ಒಂದು ಹನಿಯೂ ಬೀಳಲಿಲ್ಲ.

"ಬಚಾವಾದ್ವಿ ಸಾರ್!"

ರಾಯರ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. "ಬಚಾವೇನ್ರೀ? ಮೊದಲ್ನೇ ಪುಟವೇ ಸುಳ್ಳಾಯ್ತಲ್ರೀ!"

"ಅಯ್ಯೋ, ಸುಳ್ಳೇನಲ್ಲ ಸಾರ್. ಸೂರು ಎತ್ತರ, ಬಿಸಿ ಅಲ್ಲೀವರೆಗೆ ತಲುಪಿಲ್ಲ ಅಷ್ಟೇ."

ರಾಯರ ಮುಖ ಅರಳಿತು. ಹೂವಿನ ಅಲಂಕಾರದವರು ಬಿಟ್ಟುಹೋಗಿದ್ದ ಏಣಿಯನ್ನು ಎಳೆದುಕೊಂಡರು.

"ಹಾಗಾದ್ರೆ ತಲುಪಿಸೋಣ. ಭಟ್ರೇ, ಆ ಮಂಗಳಾರತಿ ತಟ್ಟೆ ಇಲ್ಲಿ ಕೊಡಿ."

"ಸಾರ್, ಪುಸ್ತಕ! ಪುಸ್ತಕ ಸಾರ್!"

ಕರ್ಪೂರದ ಉರಿ ತಾಗಿದ್ದೇ ತಡ, ಕೊಳವೆಯಲ್ಲಿ ನಿಂತಿದ್ದ ಇಪ್ಪತ್ತೈದು ವರ್ಷದ ಕಪ್ಪು ನೀರು ಐನೂರು ಇತಿಹಾಸಗಳ ಮೇಲೆ ಧೋ ಎಂದು ಸುರಿಯಿತು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.